ಪ್ರತಿಯೊಬ್ಬರ ಕೈಯಲ್ಲೂ ಒಂದು ಸಲಿಕೆ



ಸಂಡಾಸಿನ ಮಾತನ್ನು ದೇವರ ವಾಕ್ಯದ ಜೊತೆಗೆ ಆಡಬಹುದೇ ಎಂದು ನಿಮ್ಮಲ್ಲಿ ಕೆಲವರಿಗೆ ಸಂಕೋಚವಾಗಬಹುದು. ಪವಿತ್ರ ಬೈಬಲಿಗೆ ಆ ಸಂಕೋಚವಿಲ್ಲ. ಧರ್ಮೋಪದೇಶಕಾಂಡದ 23ನೇ ಅಧ್ಯಾಯವನ್ನು ತೆರೆದು ನೋಡಿ. ಇಸ್ರಯೇಲರು ಪಾಳೆಯ ಹೂಡಿದಾಗ ಶೌಚಕ್ಕೆಂದು ಪಾಳೆಯದ ಹೊರಗೆ ಒಂದು ಸ್ಥಳವನ್ನು ಗೊತ್ತುಮಾಡಿಕೊಳ್ಳಬೇಕು. ಪ್ರತಿಯೊಬ್ಬನ ಸಾಮಾನಿನಲ್ಲಿ ಒಂದು ಸಲಿಕೆ ಇರಬೇಕು. ಅದರಿಂದ ಗುಂಡಿ ತೋಡಿ, ಆಮೇಲೆ ಮಣ್ಣೆಳೆದು ಮುಚ್ಚಬೇಕು. ಇದಕ್ಕೆ ಅಲ್ಲಿ ಕೊಟ್ಟಿರುವ ಕಾರಣ ದೊಡ್ಡದು: ಸರ್ವೇಶ್ವರ ಸ್ವಾಮಿ ಪಾಳೆಯದ ನಡುವೆ ಸಂಚರಿಸುತ್ತಾರೆ, ಆದ್ದರಿಂದ ಪಾಳೆಯ ಶುದ್ಧವಾಗಿರಬೇಕು.

ಈ ನಿಯಮದಲ್ಲಿ ಎರಡು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದು, ದೇವರು ನಮ್ಮ ಪೂಜಾಪೀಠದ ಬಳಿಗೆ ಮಾತ್ರ ಬರುವವರಲ್ಲ; ನಮ್ಮ ಹಿತ್ತಲಿಗೂ ಬರುತ್ತಾರೆ. ಎರಡನೆಯದು, ಸಲಿಕೆ ಪ್ರತಿಯೊಬ್ಬನದು. ಒಬ್ಬರ ಹೊಲಸನ್ನು ಮುಚ್ಚಲು ಇನ್ನೊಬ್ಬರನ್ನು, ಒಂದು ಕುಲವನ್ನು, ಒಂದು ಕೇರಿಯನ್ನು ಅಲ್ಲಿ ನೇಮಿಸಿಲ್ಲ. ಈ ಎರಡನೆಯ ಸಂಗತಿಯ ಮೇಲೆಯೇ ಈ ವಾರ ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಕತ್ತಲಿಗಾಗಿ ಕಾಯುತ್ತಿದ್ದ ದಿನಗಳು

ಅಳ್ನಾವರದ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚು, ಮಲೆನಾಡಿನ ಸೆರಗು. ದಾಂಡೇಲಿಯ ಕಡೆಗೆ ರೈಲು ಹಳಿ ಕವಲೊಡೆಯುವ ಜಂಕ್ಷನ್ನು. ಜೂನ್ ತಿಂಗಳಿನಿಂದ ಹಿಡಿದ ಮಳೆ ಬಿಡದೆ ಸುರಿಯುತ್ತದೆ. ಮನೆಯಲ್ಲಿ ಸಂಡಾಸವಿಲ್ಲದ ಕಾಲದಲ್ಲಿ ಗಂಡಸರು ತಂಬಿಗೆ ಹಿಡಿದು ಹೊಲದ ಬದುವಿಗೋ ಹಳ್ಳದ ದಂಡೆಗೋ ಹೋಗಿ ಬರುತ್ತಿದ್ದರು. ಹೆಂಗಸರು ಮಾತ್ರ ನಸುಕಿನಲ್ಲಿ ಇಲ್ಲವೇ ಕತ್ತಲಾದ ಮೇಲೆ, ಮೂರು ನಾಲ್ಕು ಜನ ಜೊತೆಗೂಡಿ ಹೋಗಬೇಕಿತ್ತು. ರಸ್ತೆಯಲ್ಲಿ ಗಾಡಿಯ ಬೆಳಕು ಬಿದ್ದರೆ ಅರ್ಧದಲ್ಲೇ ಎದ್ದು ನಿಲ್ಲಬೇಕಿತ್ತು. ಮಳೆಗಾಲದಲ್ಲಿ ಹಾವು ಚೇಳಿನ ಭಯ ಬೇರೆ. ಬಸುರಿ, ಬಾಣಂತಿ, ಮೊಣಕಾಲು ನೋವಿನ ಮುದುಕಿ ಯಾರಿಗೂ ವಿನಾಯಿತಿ ಇರಲಿಲ್ಲ. ಹಗಲಲ್ಲಿ ಹೋಗುವ ಪ್ರಸಂಗ ಬಾರದಿರಲೆಂದು ನೀರು ಕಡಿಮೆ ಕುಡಿದು, ಊಟ ಕಡಿಮೆ ಮಾಡಿ, ತಡೆದುಕೊಂಡು ತಡೆದುಕೊಂಡು ಮೂತ್ರದ ಉರಿ, ಹೊಟ್ಟೆನೋವು ತಂದುಕೊಂಡ ತಾಯಂದಿರು ಎಷ್ಟು ಜನ!

ಇದು ನಮ್ಮ ಊರೊಂದರ ಕಥೆಯಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಗ್ರಾಮಾಂತರ ಭಾಗದಲ್ಲಿ ನೂರು ಮನೆಗಳ ಪೈಕಿ ಸುಮಾರು 28 ಮನೆಗಳಲ್ಲಿ ಮಾತ್ರ ಶೌಚಾಲಯವಿತ್ತು. ಇಡೀ ದೇಶದಲ್ಲಿ ಅರ್ಧದಷ್ಟು ಕುಟುಂಬಗಳು ಬಯಲಿಗೆ ಹೋಗುತ್ತಿದ್ದವು. ಸರ್ಕಾರ ಸುಮ್ಮನೆ ಕುಳಿತಿತ್ತೆಂದಲ್ಲ. ಕೇಂದ್ರದ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ 1986ರಲ್ಲಿ, ಸಂಪೂರ್ಣ ಸ್ವಚ್ಛತಾ ಆಂದೋಲನ 1999ರಲ್ಲಿ ಆರಂಭವಾದವು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಬಂದಿತು. ಮನೆಗೊಂದು ಶೌಚಾಲಯಕ್ಕೆ 12,000 ರೂಪಾಯಿಯ ನೆರವು ದೊರೆಯಿತು. ಹಳ್ಳಿ ಹಳ್ಳಿಗಳಲ್ಲಿ ಗೌಂಡಿಗಳಿಗೆ ಬಿಡುವಿಲ್ಲದಷ್ಟು ಕೆಲಸ. ಐದು ವರ್ಷಗಳ ನಂತರ, 2019ರ ಅಕ್ಟೋಬರ್ 2ರಂದು, ದೇಶದ ಗ್ರಾಮಗಳು ಬಯಲು ಶೌಚಮುಕ್ತವಾದವೆಂದು ಸಾರಲಾಯಿತು.

ಕಟ್ಟಿದ್ದು ಸಣ್ಣ ಕೆಲಸವಲ್ಲ, ಅದಕ್ಕಾಗಿ ದೇವರಿಗೆ ಕೃತಜ್ಞರಾಗಿರೋಣ. ಆದರೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಕುಟುಂಬಗಳ ಪೈಕಿ 19 ಕುಟುಂಬಗಳು ಇನ್ನೂ ಯಾವ ಶೌಚಾಲಯವನ್ನೂ ಬಳಸುತ್ತಿಲ್ಲವೆಂದು ಕಂಡುಬಂತು. ಕಟ್ಟಿದ ಮನೆಗಳಲ್ಲಿಯೂ ಎಲ್ಲರೂ ಬಳಸುತ್ತಾರೆಯೇ ಎಂಬುದು ಬೇರೆಯೇ ಪ್ರಶ್ನೆ.

ಕುಳ್ಳು ಇಡುವ ಕೋಣೆ

ನಮ್ಮ ಹಳ್ಳಿಗಳಲ್ಲಿ ಒಮ್ಮೆ ಸುತ್ತಿ ಬಂದರೆ ತಿಳಿಯುತ್ತದೆ. ಕೆಲವು ಮನೆಗಳ ಸಂಡಾಸದಲ್ಲಿ ಕುಳ್ಳು ಒಟ್ಟಿರುತ್ತಾರೆ, ಕೆಲವೆಡೆ ಕಟ್ಟಿಗೆ, ಕೆಲವೆಡೆ ಗೊಬ್ಬರದ ಚೀಲ. ಇನ್ನು ಕೆಲವು ಮನೆಗಳಲ್ಲಿ ಅದಕ್ಕೊಂದು ಬೀಗ. ಬೀಗರು ಬಂದಾಗ ಮಾತ್ರ ತೆರೆಯುತ್ತದೆ. ಕೇಳಿದರೆ ಮನೆಯಾಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತ, "ಸಂಡಾಸೇನೋ ಕಟ್ಸೀವ್ರೀ. ಆದ್ರ ನಮ್ಮ ಯಜಮಾನ್ರಿಗೆ ಬಯಲಿಗೆ ಹೋದ್ರನ ಸಮಾಧಾನ. ಹುಡುಗೂರೂ ಅವರ ಹಿಂದನ ಹೋಗ್ತಾವು. ಲಗೂ ತುಂಬಬಾರದಂತ ನಾವು ಹೆಣ್ಮಕ್ಕಳಷ್ಟ ರಾತ್ರಿ ಹೋಗ್ತೀವಿ" ಎನ್ನುತ್ತಾಳೆ.

"ಲಗೂ ತುಂಬಬಾರದು." ಬಂಧುಗಳೇ, ಇಡೀ ಸಮಸ್ಯೆ ಈ ಎರಡು ಪದಗಳಲ್ಲಿದೆ. 2014ರಲ್ಲಿ ಉತ್ತರ ಭಾರತದ ಐದು ರಾಜ್ಯಗಳ ಹಳ್ಳಿಗಳಲ್ಲಿ ಸಂಶೋಧಕರು ಮನೆಮನೆಗೆ ಹೋಗಿ ವಿಚಾರಿಸಿದರು. ಬಳಕೆಗೆ ಯೋಗ್ಯವಾದ ಶೌಚಾಲಯವಿದ್ದ ಮನೆಗಳ ಪೈಕಿ ನೂರಕ್ಕೆ 40ಕ್ಕೂ ಹೆಚ್ಚು ಮನೆಗಳಲ್ಲಿ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು. ಅದೇ ಸಂಶೋಧಕರು ಮುಂದೆ ಕಂಡುಕೊಂಡದ್ದು ಇದು: ಜನ ಹೆದರುವುದು ಬಡತನಕ್ಕಿಂತ ಹೆಚ್ಚಾಗಿ ಗುಂಡಿ ತುಂಬುವ ದಿನಕ್ಕೆ. ತುಂಬಿದರೆ ತೆಗೆಯುವವರು ಯಾರು? ಮೈಲಿಗೆಯ ಆ ಕೆಲಸಕ್ಕೆ ಕೈಹಚ್ಚುವವರು ಯಾರು? ಆ ಪ್ರಶ್ನೆಗೆ ಉತ್ತರ ಹೇಳಲಾಗದೆ ಸಂಡಾಸಕ್ಕೆ ಬೀಗ ಹಾಕುತ್ತಾರೆ. ನಮ್ಮ ಕಡೆಯೂ ಅದೇ ಭಯ, ಅದೇ ಮಾತು.

ಸುಸನ್ನಳಿಗೆ ಬಾಗಿಲಿತ್ತು

ಒಬ್ಬರೋ ಇಬ್ಬರೋ ಬಯಲಿಗೆ ಹೋದರೆ ಏನಾಯಿತು ಎನ್ನಬೇಡಿರಿ. ಹೊಲದ ಬದಿಯ ಹೊಲಸು ಅಲ್ಲಿಯೇ ಉಳಿಯುವುದಿಲ್ಲ. ನೊಣದ ಕಾಲಿಗಂಟಿ ರೊಟ್ಟಿಯ ಮೇಲೆ ಬರುತ್ತದೆ. ಮಳೆನೀರಿನಲ್ಲಿ ಹರಿದು ಹಳ್ಳಕ್ಕೆ, ಬಾವಿಗೆ, ಕೆರೆಗೆ ಸೇರುತ್ತದೆ. ನವಲಗುಂದ, ಅಣ್ಣಿಗೇರಿಯ ಕಡೆ ಅಂತರ್ಜಲ ಸವುಳು. ಹಳ್ಳಿಯವರು ತಲೆಮಾರುಗಳಿಂದ ಕೆರೆಯ ನೀರನ್ನೇ ನಂಬಿ ಬಂದವರು. ಕೆರೆಯ ದಂಡೆ ಕೆಟ್ಟರೆ ಊರಿಗೆ ಊರೇ ವಾಂತಿಭೇದಿಯಿಂದ ನರಳಬೇಕಾಗುತ್ತದೆ. ಕೊಕ್ಕೆಹುಳುವಿನ ಮರಿಗಳು ಅಂಥ ಮಣ್ಣಿನಲ್ಲಿದ್ದು ಬರಿಗಾಲಿನ ಚರ್ಮವನ್ನು ತೂರಿ ದೇಹ ಸೇರುತ್ತವೆ, ಕರುಳಿಗಂಟಿ ರಕ್ತ ಹೀರುತ್ತವೆ. ಪದೇ ಪದೇ ಭೇದಿಯಾಗುವ ಮಗು ತಿಂದದ್ದು ಮೈಗೆ ಹತ್ತದೆ ಕುಳ್ಳಾಗಿ, ಸೊರಗಿ ಉಳಿಯುತ್ತದೆ. ನಾವು ಹಾಲು, ಮೊಟ್ಟೆ ಕೊಟ್ಟದ್ದು ಸೋರುವ ಕೊಡಕ್ಕೆ ನೀರು ಹಾಕಿದಂತೆ. ಆದ್ದರಿಂದ ಮನೆಯ ಐವರಲ್ಲಿ ನಾಲ್ವರು ಸಂಡಾಸ ಬಳಸಿ ಒಬ್ಬರು ಬಯಲಿಗೆ ಹೋದರೂ ಉಳಿದ ನಾಲ್ವರಿಗೆ ಮತ್ತು ನೆರೆಮನೆಗೆ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಎಳೆಯ ಮಗುವಿನದ್ದು ಹೊಲಸಲ್ಲ ಎಂಬ ನಂಬಿಕೆಯೂ ತಪ್ಪು. ಅದರಲ್ಲಿ ರೋಗಾಣುಗಳಿರುತ್ತವೆ, ಅದನ್ನೂ ಸಂಡಾಸಕ್ಕೇ ಹಾಕಬೇಕು.

ಇನ್ನು ಹೆಣ್ಣುಮಕ್ಕಳ ಮಾನದ ವಿಚಾರ. ದಾನಿಯೇಲನ ಗ್ರಂಥದ 13ನೇ ಅಧ್ಯಾಯದಲ್ಲಿ ಸುಸನ್ನಳ ವೃತ್ತಾಂತವಿದೆ. ಸ್ನಾನಕ್ಕೆಂದು ತನ್ನದೇ ತೋಟದ ಬಾಗಿಲು ಹಾಕಿಸಿಕೊಂಡ ಆ ಸಾಧ್ವಿಯನ್ನು ಊರಿನ ಇಬ್ಬರು ಹಿರಿಯರು ಬಚ್ಚಿಟ್ಟುಕೊಂಡು ನೋಡಿದರು, ಬೆದರಿಸಿದರು, ಕೊನೆಗೆ ಸುಳ್ಳು ಆಪಾದನೆ ಹೊರಿಸಿದರು. ಸಿರಿವಂತನ ಮಡದಿ, ಸುತ್ತ ತೋಟ, ಹಾಕಿದ ಬಾಗಿಲು. ಆದರೂ ಅವಳಿಗೆ ಆ ಸಂಕಟ ತಪ್ಪಲಿಲ್ಲ. ಹಾಗಾದರೆ ಕತ್ತಲೆಯ ಹೊರತು ಬೇರೆ ಮರೆಯೇ ಇಲ್ಲದ ಬಡ ಹೆಣ್ಣಿನ ಗತಿ ಏನು? ದೇವರು ಯುವಕ ದಾನಿಯೇಲನನ್ನು ಎಬ್ಬಿಸಿ ಸುಸನ್ನಳ ಪರವಾಗಿ ಮಾತಾಡಿಸಿದರು. ನಮ್ಮ ಮನೆಯ ಹೆಣ್ಣುಮಕ್ಕಳ ಪರವಾಗಿ ಎದ್ದು ನಿಲ್ಲುವ ದಾನಿಯೇಲ ಯಾರು? ಮಗಳಿಗೆ ಬಂಗಾರ ಮಾಡಿಸುವ ಮೊದಲು ಅವಳಿಗೊಂದು ಚಿಲಕವಿರುವ ಬಾಗಿಲು ಮಾಡಿಸಿದ ತಂದೆಯನ್ನು ನಾನು ದಾನಿಯೇಲನೆಂದೇ ಕರೆಯುತ್ತೇನೆ.

ಮೈಲಿಗೆ ಎಲ್ಲಿದೆ?

ಈಗ ಗುಂಡಿಯ ಪ್ರಶ್ನೆಗೆ ಬರೋಣ. ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಮೈಲಿಗೆಯ ಬಗ್ಗೆ ಮಾತಾಡುತ್ತ ಶೌಚದ ಉದಾಹರಣೆಯನ್ನೇ ಕೊಡುತ್ತಾರೆ. ಹೊರಗಿನಿಂದ ಒಳಗೆ ಹೋದದ್ದು ಹೊಟ್ಟೆಯನ್ನು ಸೇರಿ ವಿಸರ್ಜನೆಯಾಗುತ್ತದೆ, ಅದು ಮನುಷ್ಯನನ್ನು ಮೈಲಿಗೆ ಮಾಡಲಾರದು. ಅಂತರಂಗದಿಂದ ಹೊರಡುವ ಕೇಡು, ಅಹಂಕಾರ, ನಿಂದೆಗಳೇ ಮೈಲಿಗೆ ಎಂಬುದು ಅವರ ಬೋಧನೆ. ಹಾಗೆಂದು ಊಟಕ್ಕೆ ಮುಂಚೆ ಕೈ ತೊಳೆಯಬೇಡಿ ಎಂದು ಅರ್ಥ ಮಾಡಬೇಡಿ! ಕೈಗೆ ಹತ್ತಿದ ಹೊಲಸು ಸಾಬೂನಿನಿಂದ ಹೋಗುತ್ತದೆ. ಆ ಹೊಲಸನ್ನು ತೆಗೆಯುವ ಮನುಷ್ಯನನ್ನು ಕಂಡರೆ ನಮ್ಮೊಳಗೆ ಹುಟ್ಟುವ ಹೇಸಿಗೆ ಮಾತ್ರ ಯಾವ ಸಾಬೂನಿಗೂ ಹೋಗದು.

ಈ ಹೇಸಿಗೆಯಿಂದ ನಮ್ಮ ನಾಡಿನಲ್ಲಿ ಎಂಥ ಅನ್ಯಾಯ ನಡೆದಿದೆ ಎಂಬುದನ್ನು ನೆನೆಯಿರಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿಯೇ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾನೂನು ಬಂತು. ಆದರೂ 2010ರ ಜುಲೈಯಲ್ಲಿ, 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇದ್ದ ಸವಣೂರಿನಲ್ಲಿ, ಭಂಗಿ ಸಮುದಾಯದ ಬಂಧುಗಳು ಪುರಸಭೆಯ ಎದುರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಊರಿನ ಹೊಲಸು ತೆಗೆದವರಿಗೆ ನೆಲೆಯೂ ಕಾಯಂ ಕೆಲಸವೂ ಇಲ್ಲದೆ ಹೋಗಿತ್ತು. ತಮ್ಮನ್ನು ಊರು ಹೇಗೆ ಕಂಡಿತೋ ಹಾಗೆಯೇ ಊರಿನ ಮುಂದೆ ನಿಂತು ತೋರಿಸಿದರು. ಕೊರಡೆಯ ಏಟಿನಿಂದ ಜರ್ಝರಿತರಾಗಿ ಪಿಲಾತನ ಅಂಗಳದಲ್ಲಿ ಜನರೆದುರು ನಿಂತ ಯೇಸುವಿನ ಮುಖ ನಮಗೆ ಅಲ್ಲಿ ಕಾಣದಿದ್ದರೆ ಶಿಲುಬೆಯ ಹಾದಿ ನಡೆದು ಏನು ಪ್ರಯೋಜನ?

2013ರ ಕಾನೂನು ಮಲದ ಗುಂಡಿ, ಒಳಚರಂಡಿಗಳಿಗೆ ಮನುಷ್ಯನನ್ನು ಇಳಿಸುವುದನ್ನು ಇನ್ನೂ ಬಿಗಿಯಾಗಿ ತಡೆಯಿತು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಅದಕ್ಕೆ ಮುಂಚೆ ಆ ಮೊತ್ತ 10 ಲಕ್ಷವಿತ್ತು. ಪರಿಹಾರ ಹೆಚ್ಚಿತು ನಿಜ. ಆದರೆ ಸತ್ತವನು ತಿರುಗಿ ಬರುವುದಿಲ್ಲ. ಸೆಪ್ಟಿಕ್ ಟ್ಯಾಂಕಿನ ಒಳಗೆ ಕಣ್ಣಿಗೆ ಕಾಣದ ವಿಷದ ಗಾಳಿ ತುಂಬಿರುತ್ತದೆ. ಇಳಿದವನು ಕೂಗುವ ಮೊದಲೇ ಮೂರ್ಛೆ ಹೋಗುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಎಷ್ಟೇ ಅವಸರವಿರಲಿ, ಎಷ್ಟೇ ಕೂಲಿ ಕೊಡಲಿ, ಯಾರನ್ನೂ ಟ್ಯಾಂಕಿಗೆ ಇಳಿಸಬೇಡಿರಿ. ಮಷಿನ್ ಗಾಡಿಯನ್ನೇ ಕರೆಸಿರಿ.

ಎರಡು ಗುಂಡಿಗಳ ಉಪಾಯ

ಹಾಗಾದರೆ ನಮ್ಮ ಸಲಿಕೆಯನ್ನು ನಾವೇ ಹಿಡಿಯುವುದು ಹೇಗೆ? ಅದಕ್ಕೊಂದು ಸುಲಭ ಉಪಾಯವಿದೆ, ಅದೇ ಅವಳಿ ಗುಂಡಿಯ ಸಂಡಾಸ. ಇದನ್ನು ನಮ್ಮ ದೇಶದಲ್ಲಿ ಹೆಚ್ಚು ಪ್ರಚಾರಕ್ಕೆ ತಂದವರು 1970ರಲ್ಲಿ ಸುಲಭ್ ಸಂಸ್ಥೆಯನ್ನು ಸ್ಥಾಪಿಸಿದ ಬಿಹಾರದ ಬಿಂದೇಶ್ವರ ಪಾಠಕರು. ಬಾಲ್ಯದಲ್ಲಿ ಮಲ ಹೊರುವ ಹೆಂಗಸನ್ನು ಮುಟ್ಟಿದ್ದಕ್ಕಾಗಿ ಅಜ್ಜಿ ತಮಗೆ ಸೆಗಣಿ, ಗೋಮೂತ್ರ ನುಂಗಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಬಾಲಕ ಬೆಳೆದು ಮಲ ಹೊರುವವರ ಬಿಡುಗಡೆಗಾಗಿಯೇ ಜೀವ ಸವೆಸಿ 2023ರಲ್ಲಿ ತೀರಿಕೊಂಡರು.

ಉಪಾಯ ಹೀಗಿದೆ. ಒಂದು ಮೀಟರ್ ಅಂತರ ಬಿಟ್ಟು ಎರಡು ಗುಂಡಿ ತೋಡಬೇಕು. ಒಳಗೋಡೆಯನ್ನು ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಬೇಕು, ತಳಕ್ಕೆ ಸಿಮೆಂಟು ಹಾಕಬಾರದು. ಒಮ್ಮೆಗೆ ಒಂದೇ ಗುಂಡಿ ಬಳಕೆಯಲ್ಲಿರುತ್ತದೆ. ನೀರು, ಗಾಳಿ ಮಣ್ಣಿಗೆ ಇಂಗುತ್ತವೆ. ಐದಾರು ಜನರ ಮನೆಗೆ ಒಂದು ಗುಂಡಿ ಸಾಮಾನ್ಯವಾಗಿ ಮೂರು ವರ್ಷವಾದರೂ ಬರುತ್ತದೆ. ತುಂಬಿದಾಗ ಅದರ ಬಾಯಿ ಮುಚ್ಚಿ ಎರಡನೆಯದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಮುಟ್ಟಬಾರದು. ಅಷ್ಟರಲ್ಲಿ ಒಳಗಿನದೆಲ್ಲ ಕೊಳೆತು, ವಾಸನೆ ಹೋಗಿ, ತಿಪ್ಪೆಗೊಬ್ಬರದ ಹಾಗೆ ಕಪ್ಪು ಪುಡಿಯಾಗುತ್ತದೆ. ಅದನ್ನು ಮನೆಯ ಯಜಮಾನನೇ ಸಲಿಕೆಯಿಂದ ಎತ್ತಿ ಹೊಲಕ್ಕೆ ಹಾಕಬಹುದು. ತಿಪ್ಪೆಗೊಬ್ಬರ ಹೊರುವ ರೈತನಿಗೆ ಇದರಲ್ಲಿ ಹೊಸದೇನೂ ಇಲ್ಲ. ಗುಂಡಿ ತುಂಬೀತೆಂಬ ಭಯಕ್ಕೆ ಇಲ್ಲಿ ಆಸ್ಪದವೇ ಇಲ್ಲ.

ಮಣ್ಣನ್ನು ನೋಡಿ ಕಟ್ಟಬೇಕು. ನವಲಗುಂದ, ಅಣ್ಣಿಗೇರಿಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ನೀರನ್ನು ಬೇಗ ಹೀರುವುದಿಲ್ಲ. ಅಲ್ಲಿ ಗುಂಡಿಯ ಹೊರಸುತ್ತಿಗೆ ಒಂದು ಅಡಿಯಷ್ಟು ಉಸುಕು, ಗರಸು ತುಂಬಬೇಕು, ಗುಂಡಿಯ ಅಳತೆಯೂ ತುಸು ಹೆಚ್ಚಿರಬೇಕು. ಅಳ್ನಾವರ, ಕಲಘಟಗಿಯ ಕಡೆ ಮಳೆ ಹೆಚ್ಚು. ಗುಂಡಿಯ ಮುಚ್ಚಳ ನೆಲಕ್ಕಿಂತ ಎತ್ತರವಿದ್ದು, ಸುತ್ತ ಮಣ್ಣು ಏರಿಸಿ, ಮಳೆನೀರು ಒಳನುಗ್ಗದಂತೆ ನೋಡಿಕೊಳ್ಳಬೇಕು. ಬಾವಿ, ಬೋರಿನಿಂದ ಹತ್ತು ಮೀಟರಾದರೂ ದೂರವಿರಲಿ. ಇಳಿಜಾರು ಹೆಚ್ಚಿರುವ ಗ್ರಾಮೀಣ ಬೇಸಿನ್ ಹಾಕಿಸಿದರೆ ಒಮ್ಮೆಗೆ ಎರಡು ಲೀಟರ್ ನೀರು ಸಾಕು. ನೀರಿಲ್ಲವೆಂಬ ನೆವಕ್ಕೂ ಇದು ಉತ್ತರ.

ಬೈಯಬೇಡಿ, ತೊಳೆಯಿರಿ

ಕೆಲವು ಊರುಗಳಲ್ಲಿ ಬಯಲಿಗೆ ಹೋದವರ ಹಿಂದೆ ಸೀಟಿ ಊದಿದರು, ಫೋಟೋ ತೆಗೆದರು, ನಗೆಪಾಟಲು ಮಾಡಿದರು. ಇದು ಕ್ರಿಸ್ತನ ಮಾರ್ಗವಲ್ಲ. ಹೀಗೆ ಅವಮಾನಕ್ಕೆ ಒಳಗಾಗುವವರು ಹೆಚ್ಚಾಗಿ ಜಾಗವಿಲ್ಲದ ಬಡವರು, ಬಾಡಿಗೆ ಮನೆಯವರು, ಕಬ್ಬು ಕಡಿಯಲು ಬಂದ ಗುಳೆಯವರು. ಕಟ್ಟಲು ಜಾಗವೇ ಇಲ್ಲದವನಿಗೆ ಸೀಟಿ ಊದಿದರೆ ಏನು ಬಂತು? ಅವನೊಂದಿಗೆ ಪಂಚಾಯಿತಿಗೆ ಹೋಗಿ ಅರ್ಜಿ ಬರೆದುಕೊಟ್ಟರೆ ಅದು ನೆರೆಯವನ ಮೇಲಿನ ಪ್ರೀತಿ.

1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿದ್ದ ಗಾಂಧೀಜಿ ಅಲ್ಲಿನ ಶೌಚಾಲಯಗಳ ಹೊಲಸನ್ನು ಸ್ವಯಂಸೇವಕರಿಗೆ ತೋರಿಸಿದಾಗ, ಅದು ತಮ್ಮ ಕೆಲಸವಲ್ಲ, ಝಾಡಮಾಲಿಗಳದ್ದು ಎಂಬ ಉತ್ತರ ಬಂತು. ಅವರು ವಾದ ಮಾಡಲಿಲ್ಲ. ಒಂದು ಕಸಬರಿಗೆ ಹುಡುಕಿ ತಂದು ತಾವೇ ತೊಳೆದರು. ಅದೇ ಗಾಂಧೀಜಿ 1924ರಲ್ಲಿ ನಮ್ಮ ಬೆಳಗಾವಿಯ ಅಧಿವೇಶನದ ಅಧ್ಯಕ್ಷರಾದರು.

ನಮಗೆ ಇನ್ನೂ ಹಿರಿಯ ಮಾದರಿಯಿದೆ. ಕೊನೆಯ ಭೋಜನದ ರಾತ್ರಿ ಯೇಸುಸ್ವಾಮಿ ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಅಂಗವಸ್ತ್ರ ಕಟ್ಟಿಕೊಂಡು, ಶಿಷ್ಯರ ಕಾಲು ತೊಳೆದರು. ಅದು ಆ ಕಾಲದಲ್ಲಿ ಆಳಿನ ಕೆಲಸ. ಅದಕ್ಕೇ ಪೇತ್ರ ಗಾಬರಿಯಾದದ್ದು. ಪವಿತ್ರ ಗುರುವಾರ ನಮ್ಮ ಗುರುಗಳು ಹನ್ನೆರಡು ಜನರ ಕಾಲು ತೊಳೆಯುವಾಗ ನಾವು ಭಕ್ತಿಯಿಂದ ನೋಡುತ್ತೇವೆ. ಮನೆಗೆ ಬಂದ ಮೇಲೆ ಸಂಡಾಸ ತೊಳೆಯುವವರು ಯಾರು? ಯಾವಾಗಲೂ ಸೊಸೆಯೇ ಏಕೆ? ಮನೆಯ ಯಜಮಾನ ಒಂದು ಶನಿವಾರ ಬ್ರಷ್ ಹಿಡಿದರೆ ಅವನ ಗಂಡಸುತನಕ್ಕೆ ಕುಂದೇ? ನಮ್ಮ ಚರ್ಚಿನ ಹಬ್ಬದ ದಿನ ಹಿಂಬದಿಯ ಶೌಚಾಲಯಗಳನ್ನು ತೊಳೆಯಲು ನಾವು ಯಾರನ್ನು ಕರೆಯುತ್ತೇವೆ? ಯಾವ ಕೇರಿಯಿಂದ ಕರೆಯುತ್ತೇವೆ? ಕೆಲಸ ಮುಗಿದ ಮೇಲೆ ಅವರನ್ನು ಹಬ್ಬದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕೂರಿಸುತ್ತೇವೆಯೇ? ಜ್ಞಾನಸ್ನಾನದ ನೀರು ಒಂದೇ ಆಗಿದ್ದರೆ ಈ ಪ್ರಶ್ನೆಗಳಿಗೆ ನಾವು ಉತ್ತರ ಕೊಡಲೇಬೇಕು.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ, ದೇಹದ ಯಾವ ಅಂಗಗಳನ್ನು ನಾವು ಕಡಿಮೆಯೆಂದು ಎಣಿಸುತ್ತೇವೆಯೋ ಅವುಗಳಿಗೇ ಹೆಚ್ಚಿನ ಮರ್ಯಾದೆ ಸಲ್ಲುತ್ತದೆ ಎಂದು ಬೋಧಿಸಿದ್ದಾರೆ. ದೇಹಕ್ಕೆ ಸಲ್ಲುವ ಈ ಮಾತು ಮನೆಗೂ ಸಲ್ಲುತ್ತದೆ, ಊರಿಗೂ ಸಲ್ಲುತ್ತದೆ.

ಈ ವಾರ ಮನೆಯಲ್ಲಿ

ಈ ಭಾನುವಾರ ಬಲಿಪೂಜೆಯಿಂದ ಬಂದ ಮೇಲೆ ಮನೆಯವರೆಲ್ಲ ಕೂಡಿ ಕುಳಿತುಕೊಳ್ಳಿರಿ. ಸಂಡಾಸದಲ್ಲಿ ಕುಳ್ಳು, ಕಟ್ಟಿಗೆ ಇದ್ದರೆ ಹೊರಗೆ ತೆಗೆಯಿರಿ. ಬಾಗಿಲಿಗೆ ಒಳಚಿಲಕವಿದೆಯೇ, ಬೆಳಕಿದೆಯೇ, ಅಜ್ಜ ಅಜ್ಜಿ ಹಿಡಿದು ಏಳಲು ಗೋಡೆಗೊಂದು ಸರಳು ಇದೆಯೇ ನೋಡಿರಿ. ಹೊರಗೆ ಬಂದ ಕೂಡಲೇ ಕೈಗೆ ಸಿಗುವ ಹಾಗೆ ಸಾಬೂನು ಇಡಿರಿ. ಗುಂಡಿ ಒಂದೇ ಇದ್ದರೆ ಎರಡನೆಯದಕ್ಕೆ ಜಾಗ ಗುರುತಿಸಿರಿ. ಸೆಪ್ಟಿಕ್ ಟ್ಯಾಂಕಿನ ಪೈಪು ಗಟಾರಕ್ಕೆ ಬಿಟ್ಟಿದ್ದರೆ ಅದು ನೆರೆಯವರ ಅಂಗಳಕ್ಕೆ ಬಿಟ್ಟಂತೆಯೇ; ಇಂಗುಗುಂಡಿಗೆ ತಿರುಗಿಸಿರಿ. ತೊಳೆಯುವ ಸರದಿಯನ್ನು ಹಂಚಿಕೊಳ್ಳಿರಿ. ಮೊದಲ ಸರದಿ ಅಪ್ಪನದಾಗಿರಲಿ. ಅಪ್ಪ ತೊಳೆಯುವುದನ್ನು ಕಂಡ ಮಗ ಮುಂದೆ ಯಾರ ಕೆಲಸವನ್ನೂ ಕೀಳೆಂದು ಭಾವಿಸುವುದಿಲ್ಲ. ನಿಮ್ಮ ಬೀದಿಯಲ್ಲಿ ಇನ್ನೂ ಸಂಡಾಸವಿಲ್ಲದ ಮನೆಯೊಂದಿದ್ದರೆ, ಅವರದು ಯಾವ ಜಾತಿ, ಯಾವ ಧರ್ಮವೆಂದು ಕೇಳದೆ, ಅವರ ಬಾಗಿಲಿಗೆ ಹೋಗಿ ಮಾತಾಡಿಸಿರಿ.

ಸರ್ಕಾರ 12,000 ರೂಪಾಯಿ ಕೊಡಬಲ್ಲದು, ಮನಸ್ಸನ್ನು ಕೊಡಲಾರದು. ಅದನ್ನು ದೇವರಲ್ಲಿ ಬೇಡಿಕೊಳ್ಳೋಣ.

ಪಾಳೆಯದ ನಡುವೆ ಸಂಚರಿಸುವ ಸ್ವಾಮೀ, ನಮ್ಮ ಹಿತ್ತಲಿಗೂ ಬನ್ನಿ. ಹೆಣ್ಣುಮಕ್ಕಳ ಭಯವನ್ನು ನೀಗಿಸಿರಿ, ಮಕ್ಕಳನ್ನು ರೋಗದಿಂದ ಕಾಪಾಡಿರಿ. ನಮ್ಮ ಸಲಿಕೆಯನ್ನು ಇನ್ನೊಬ್ಬರ ಹೆಗಲಿಗೆ ಹೊರಿಸದಂತೆ ನಮಗೆ ವಿನಯವನ್ನು ದಯಪಾಲಿಸಿರಿ. ಆಮೆನ್.